ಕಂಪೌಂಡರ್ ಕೊಟ್ಟ ಬಡ್ತಿ

ಮೊನ್ನೆ ನನ್ನ ಹೆಂಡತಿ ಅಟ್ಟದ ಮೇಲಿನ ತಾಡಪತ್ರಿ ಎಳೆದಾಗ ಅದರ ಜೊತೆ ಒಂದು ಚೀಲವೂ ಕೆಳಗೆ ಬಿತ್ತು. ಇಪ್ಪತ್ತೈದು ಕೆಜಿ ಅಕ್ಕಿಯ ಬಿಳಿ ಚೀಲ. ಬಾಯಿಗೆ ಜಿಪ್ ಹಾಕಿಸಿ, ಎರಡು ಹಿಡಿಕೆ ಹೊಲಿಸಿದ್ದು. ಮೇಲೆ ಹಸಿರು ಬಣ್ಣದಲ್ಲಿ ಭತ್ತದ ತೆನೆಯ ಚಿತ್ರ, ಅದರ ಕೆಳಗೆ ಯಾವುದೋ ರೈಸ್ ಮಿಲ್ಲಿನ ಹೆಸರು, ಅರ್ಧ ಅಳಿಸಿಹೋಗಿದೆ. ಗಂಗಾವತಿಯಲ್ಲಿ ಇಂಥ ಚೀಲವಿಲ್ಲದ ಮನೆ ಇಲ್ಲ. ಸಂತೆಗೂ ಅದೇ, ಬೀಗರ ಊರಿಗೂ ಅದೇ, ದವಾಖಾನೆಗೂ ಅದೇ. ಜಿಪ್ ಎಳೆದೊಡನೆ ಸ್ಪಿರಿಟ್ಟಿನ ವಾಸನೆ, ಲವಂಗದ ವಾಸನೆ ಎರಡೂ ಕೂಡಿ ಮುಖಕ್ಕೆ ಬಡಿದವು. ಏಳೆಂಟು ವರ್ಷದ ಮೇಲೆ ಚೀಲದಲ್ಲಿ ವಾಸನೆ ಎಲ್ಲಿಂದ ಉಳಿದೀತು, ಅದು ನಿಮ್ಮ ತಲೆಯೊಳಗಿನದು ಎಂದು ಹೆಂಡತಿ ಹೇಳಿದಳು. ಇರಬಹುದು. ಎಲ್ಲಿದ್ದರೇನು, ಮುಖ ಹಿಂದಕ್ಕೆ ತೆಗೆದುಕೊಂಡೆ.

ಅದು ಮಗ್ಗುಲ ಮನೆಯ ಕಂಪೌಂಡರನ ವಾಸನೆ.

ಸರ್ಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ಅವನು. ಓಣಿಯವರೆಲ್ಲ ಕಂಪೌಂಡರ್ ಸಾಹೇಬ್ರು ಎನ್ನುತ್ತಿದ್ದರು. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಎದುರಿಗೆ ನಾನೂ ಹಾಗೆಯೇ ಕರೆಯುತ್ತಿದ್ದೆ. ಬರೆಯುವಾಗ ಬಹುವಚನ ಹಚ್ಚಲು ಕೈ ಬರುತ್ತಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು, ನನ್ನ ಅಭ್ಯಂತರವಿಲ್ಲ.

ನಿವೃತ್ತಿಯಾದ ಮೇಲೆ ಅವನು ಹಚ್ಚಿಕೊಂಡ ಕೆಲಸವೆಂದರೆ ರೋಗಿಗಳ ಜೊತೆ ದೊಡ್ಡ ಊರುಗಳ ದೊಡ್ಡ ದವಾಖಾನೆಗಳಿಗೆ ಹೋಗುವುದು. ನಮ್ಮ ಕಡೆ ದವಾಖಾನೆಗೆ ಒಬ್ಬರೇ ಯಾರೂ ಹೋಗುವುದಿಲ್ಲ. ತಿಳಿದವರೊಬ್ಬರು ಜೊತೆಗೆ ಬೇಕು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕಿಟಕಿಯಲ್ಲಿ ನಿಲ್ಲಬೇಕು ಎಂದು ತಿಳಿದವರು. ಒಳಗೆ ಹೋದಾಗ ಡಾಕ್ಟರ ಮುಂದೆ ಮಾತಾಡುವವರೂ ಅವರೇ. ನೋವು ರೋಗಿಯದು, ಮಾತು ತಿಳಿದವರದು. ಹೀಗೆ ಅರ್ಧ ಓಣಿಯ ಬಾಯಿಯನ್ನು ಕಂಪೌಂಡರ್ ತನ್ನ ಕಿಸೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಅದಕ್ಕೆ ಯಾರಿಂದಲೂ ಒಂದು ರೂಪಾಯಿ ಮುಟ್ಟಲಿಲ್ಲ. ಮುಟ್ಟಿದ್ದರೆ ಚೆನ್ನಾಗಿತ್ತು, ದುಡ್ಡು ತಿಂದ ಎಂದಾದರೂ ಬೈಯಬಹುದಿತ್ತು.

ಅವನ ಒಂದು ರೂಢಿ ಓಣಿಗೆಲ್ಲ ಗೊತ್ತಿತ್ತು. ಡಾಕ್ಟರ ಕೋಣೆಯ ಹೊಸ್ತಿಲು ದಾಟಿದೊಡನೆ ಅವನು ರೋಗಿಗೆ ಬಡ್ತಿ ಕೊಡುತ್ತಿದ್ದ. ತಾವರಗೇರಾದಿಂದ ಬಂದ ಕೂಲಿ ಹೆಂಗಸು ಅಲ್ಲಿ ಪಂಚಾಯ್ತಿ ಮೆಂಬರ್ ಆಗುತ್ತಿದ್ದಳು. ನಮ್ಮ ಓಣಿಯ ಸೈಕಲ್ ರಿಪೇರಿಯ ಚಾಚಾ ಶೋರೂಮಿನ ಸಾಹುಕಾರ ಆಗಿ ಬಂದಿದ್ದ. ಚಾಚಾ ಅದನ್ನು ಚಹಾದಂಗಡಿಯಲ್ಲಿ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕಿದ್ದೆ...

ನನ್ನ ಕೆಲಸ ಕಾಲುವೆಯ ಮೇಲೆ. ನೀರಾವರಿ ಇಲಾಖೆಯಲ್ಲಿ ಲಸ್ಕರ್. ಅಂದರೆ ಉಪಕಾಲುವೆಯ ತೂಬುಗಳನ್ನು ತೆರೆಯುವವನು, ಮುಚ್ಚುವವನು, ದಂಡೆ ಕಾಯುವವನು. ಬೆಳಿಗ್ಗೆ ಆರು ಕಿಲೋಮೀಟರ್ ದಂಡೆಯ ಮೇಲೆ ಹೋಗುವುದು, ಸಂಜೆ ಆರು ಕಿಲೋಮೀಟರ್ ಬರುವುದು. ಬೈಕಿನ ಮೇಲೆ ಹೋಗುವ ಲಸ್ಕರುಗಳೂ ಇದ್ದರು. ಆದರೆ ಬೈಕಿನ ಮೇಲಿದ್ದವನಿಗೆ ದಂಡೆ ಸೋರುವ ಸದ್ದು ಕೇಳುವುದಿಲ್ಲ. ನನಗೆ ಕೇಳುತ್ತಿತ್ತು. ಏಡಿ ಕೊರೆದ ತೂತಿನಿಂದ ನೀರು ಇಳಿಯುವ ಸಣ್ಣ ಸದ್ದನ್ನು ನಾನು ಹತ್ತು ಮಾರು ದೂರದಿಂದ ಹಿಡಿಯುತ್ತಿದ್ದೆ. ಕೊನೆ ಭಾಗದ ರೈತರು ನನ್ನನ್ನು ಕಂಡರೆ ಕುಡಿಯಲು ಮಜ್ಜಿಗೆ ತರುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ನಾನು ಗಳಿಸಿದ ಮರ್ಯಾದೆ ಅಷ್ಟೇ, ಮತ್ತು ಅದು ನನಗೆ ಸಾಕಾಗಿತ್ತು ಎಂದು ನಾನು ನಂಬಿದ್ದೆ.

ಐವತ್ನಾಲ್ಕರ ಹೊತ್ತಿಗೆ ಮೂತ್ರದ ಹರಳಿಗೆಂದು ಊರಲ್ಲೇ ಸ್ಕ್ಯಾನಿಂಗ್ ಮಾಡಿಸಿದಾಗ ಬೇರೆಯೇ ಒಂದು ಕಂಡಿತು. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆ, ಬಲಗಾಲಿಗೆ ಹೋಗುವ ಅದರ ಕವಲೂ ಉಬ್ಬಿದೆ, ಒಡೆದರೆ ಮನೆ ಸೇರುವುದಿಲ್ಲ ಎಂದರು. ಬೀಡಿಯ ಪ್ರಸಾದ. ಹೆಂಡತಿ ಅಂದೇ ಅಂಜನಾದ್ರಿಗೆ ಹರಕೆ ಹೊತ್ತಳು, ಬದುಕಿ ಬಂದರೆ ಅಷ್ಟೂ ಮೆಟ್ಟಿಲು ಗಂಡನನ್ನು ನಡೆಸಿಯೇ ಹತ್ತಿಸುತ್ತೇನೆ ಎಂದು. ಹರಕೆ ಅವಳದು, ಹತ್ತುವ ಕಾಲು ನನ್ನದು. ಮರುದಿನ ಬೆಳಿಗ್ಗೆ ಕಂಪೌಂಡರ್ ಗೋಡೆಯ ಆಚೆಯಿಂದ ಕೂಗಿದ.

"ತಮ್ಮಾ, ಚಿಂತಿ ಮಾಡಬ್ಯಾಡ. ಬೆಂಗಳೂರಿಗೆ ನಾ ಬರ್ತೀನಿ. ರಿಪೋರ್ಟ್ ಎಲ್ಲಾ ನನ್ನ ಕಡೆ ಕೊಡು."

ರಿಪೋರ್ಟುಗಳನ್ನು ಹಾಕಿಕೊಳ್ಳಲು ಅವನು ತನ್ನ ಮನೆಯಿಂದ ತಂದ ಚೀಲವೇ ಇದು, ಆಮೇಲೆ ನಮ್ಮಲ್ಲೇ ಉಳಿಯಿತು.

ಬೆಂಗಳೂರಿನ ಆ ದವಾಖಾನೆಯ ಡಾಕ್ಟರು ಸಮಾಧಾನದ ಮನುಷ್ಯ. ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ನಾವಿಬ್ಬರೇ ಒಳಗೆ ಹೋದೆವು. ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ದೊಡ್ಡ ನಾಳ ಹೊಕ್ಕಳಿನ ಹತ್ತಿರ ಎರಡಾಗಿ ಎರಡು ಕಾಲಿಗೆ ಹೋಗುತ್ತದೆ. ಒಂದೊಂದು ಕವಲಿನಿಂದಲೂ ಒಂದು ಸಣ್ಣ ನಾಳ ಒಳಕ್ಕೆ ತಿರುಗಿ ಸೊಂಟದ ಒಳಭಾಗಕ್ಕೆ, ಪಿರ್ರೆಯ ಮಾಂಸಖಂಡಕ್ಕೆ ರಕ್ತ ಒಯ್ಯುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ, ತೊಡೆಯ ಸಂದಿಯಿಂದ ಬಟ್ಟೆಯ ಕೊಳವೆಯೊಂದನ್ನು ಒಳಗೆ ಕಳಿಸಿ ಉಬ್ಬಿದ ಜಾಗದಲ್ಲಿ ಬಿಚ್ಚಿ ಕೂಡಿಸುತ್ತಾರೆ. ಆಮೇಲೆ ರಕ್ತ ಕೊಳವೆಯೊಳಗೇ ಹರಿಯುತ್ತದೆ, ಉಬ್ಬಿನ ಮೇಲೆ ಒತ್ತಡ ಬೀಳುವುದಿಲ್ಲ. ತೊಡಕು ಒಂದೇ. ಬಲಗಡೆಯ ಉಬ್ಬು ಆ ಸಣ್ಣ ನಾಳದ ಬಾಯಿಯವರೆಗೂ ಬಂದಿತ್ತು. ಅಲ್ಲಿ ಎರಡು ದಾರಿ ಇದ್ದವು. ಸಣ್ಣ ನಾಳದೊಳಗೆ ಸುರುಳಿ ತಂತಿ ತುಂಬಿ ಅದನ್ನು ಶಾಶ್ವತವಾಗಿ ಮುಚ್ಚಿ, ಕೊಳವೆಯನ್ನು ನೇರ ಕಾಲಿನತ್ತ ಇಳಿಸುವುದು. ಇದು ಸರಳ, ಅದೇ ವಾರ ಮಾಡಬಹುದು. ಇಲ್ಲವಾದರೆ ಪಕ್ಕಕ್ಕೊಂದು ಕವಲಿರುವ ಬೇರೆ ಕೊಳವೆ ತರಿಸಿ, ಸಣ್ಣ ನಾಳಕ್ಕೂ ರಕ್ತ ಉಳಿಸುವುದು. ಅದು ಬರಲು ಒಂದು ತಿಂಗಳು ಕಾಯಬೇಕು, ಕೆಲಸವೂ ಹೆಚ್ಚು ಹೊತ್ತಿನದು.

ಆ ಕೋಣೆಯಲ್ಲಿ ಇದು ಡಾಕ್ಟರನ್ನು ಬಿಟ್ಟರೆ ಪೂರ್ತಿ ತಿಳಿದದ್ದು ನನಗೊಬ್ಬನಿಗೆ. ತೂಬು ಮುಚ್ಚಿದರೆ ಅದರ ಕೆಳಗಿನ ಹೊಲಕ್ಕೆ ಏನಾಗುತ್ತದೆ ಎಂದು ನನಗೆ ಯಾರೂ ಚಿತ್ರ ಬರೆದು ಹೇಳಬೇಕಿರಲಿಲ್ಲ.

"ಮುಚ್ಚಿದ್ರೆ ಕೆಲವರಿಗೆ ನಡೆಯುವಾಗ ಆ ಕಡೆ ನೋವು ಬರುತ್ತೆ, ಕೂತಾಗ ಏನೂ ಇರಲ್ಲ. ಇನ್ನೊಂದು ಕಡೆಯ ನಾಳ ಸ್ವಲ್ಪ ಸಣ್ಣದಾಗಿದೆ, ಅದಕ್ಕೇ ಕೇಳ್ತಿದೀನಿ. ನಿಮ್ಮ ಕೆಲಸ ಏನು? ದಿನಕ್ಕೆ ಎಷ್ಟು ನಡೀತೀರಿ?" ಎಂದು ಡಾಕ್ಟರು ಕೇಳಿದರು. ಕೇಳಿದ್ದು ನನ್ನನ್ನು, ನನ್ನ ಮುಖ ನೋಡಿಯೇ.

ಕಂಪೌಂಡರ್ ಚೀಲವನ್ನು ತೊಡೆಯ ಮೇಲಿಂದ ಎತ್ತಿ ಮೇಜಿನ ಮೇಲಿಟ್ಟ. ಭತ್ತದ ತೆನೆಯ ಚಿತ್ರ ಡಾಕ್ಟರ ಕಡೆಗೆ ಇತ್ತು.

"ಇವ್ರು ನಮ್ಮ ಗಂಗಾವತ್ಯಾಗ ರೈಸ್ ಮಿಲ್ ಮಾಲಕರ್ರಿ ಸರ. ಇದ ಅವರ ಮಿಲ್ಲಿನ ಚೀಲ ನೋಡ್ರಿ. ಇವ್ರಿಗೆ ನಡ್ಯೋದೆಲ್ಲಿ ಬಂತ್ರಿ, ಗಾದಿ ಮ್ಯಾಲೆ ಕುಂತಲ್ಲೇ ಎಲ್ಲಾ ನಡೀತೈತಿ. ಹೊರಗ ಹೊಂಟ್ರ ಕಾರು."

ಡಾಕ್ಟರು ಮತ್ತೆ ನನ್ನತ್ತ ನೋಡಿದರು. ಗಂಡಹೆಂಡಿರ ಸಂಬಂಧಕ್ಕೂ ಇದರಿಂದ ಕೆಲವರಿಗೆ ತೊಂದರೆ ಆಗಬಹುದು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅದಕ್ಕೂ ಅವನೇ, "ವಯಸ್ಸಾತ್ರಿ ಸರ, ಅದೆಲ್ಲಾ ಮುಗದೈತಿ" ಎಂದ. ನನ್ನ ಪರವಾಗಿ ಅದನ್ನೂ ಮುಗಿಸಿದ.

ನಾನು ಏನು ಮಾಡಿದೆ? ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮುಂಗೈ ಮೇಲಿನ ಬಿಸಿಲಿನ ಕಪ್ಪು ಕಾಣಬಾರದೆಂದು ಅಂಗಿಯ ತೋಳು ಇಳಿಸಿಕೊಂಡೆ. ಹಾಗಾದರೆ ಮುಚ್ಚುವುದೇ ವಾಸಿ, ಇಷ್ಟು ದೊಡ್ಡ ಉಬ್ಬು ಇಟ್ಟುಕೊಂಡು ಒಂದು ತಿಂಗಳು ಕಾಯುವುದೇಕೆ ಎಂದು ಡಾಕ್ಟರು ಹೇಳಿದರು. ಕಂಪೌಂಡರ್ ಗೋಣು ಹಾಕಿದ.

ಶುಕ್ರವಾರ ಆಪರೇಷನ್ ಆಯಿತು. ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು, ಉಬ್ಬು ಇಂದಿಗೂ ಸುಮ್ಮನಿದೆ. ಡಾಕ್ಟರ ಮೇಲೆ ನನಗೆ ದೂರಿಲ್ಲ. ಕಂಪೌಂಡರ್ ಬಣ್ಣಿಸಿದ ಮನುಷ್ಯನಿಗೆ ಅವರು ಸರಿಯಾದ ಕೆಲಸವನ್ನೇ ಮಾಡಿದರು. ಆ ಮನುಷ್ಯ ನಾನಾಗಿರಲಿಲ್ಲ, ಅಷ್ಟೇ.

ಎರಡು ತಿಂಗಳ ಮೇಲೆ ದಂಡೆ ಏರಿದೆ. ಅರವತ್ತು ಹೆಜ್ಜೆ ಹಾಕುವಷ್ಟರಲ್ಲಿ ಬಲಪಿರ್ರೆಯೊಳಗೆ ಉರಿ ಹತ್ತಿತು. ಮುಳ್ಳು ಚುಚ್ಚಿದ ನೋವಲ್ಲ, ಉಳುಕಿನ ನೋವೂ ಅಲ್ಲ. ಒಳಗಿನ ಮಾಂಸವನ್ನು ಯಾರೋ ಹಿಂಡಿ ಒಣಗಿಸಿದ ಹಾಗೆ. ನಿಂತೆ, ಹೋಯಿತು. ಮತ್ತೆ ನಡೆದೆ, ಮತ್ತೆ ಅರವತ್ತು, ಮತ್ತೆ ಉರಿ. ಮೊದಲನೆಯ ತೂಬಿನ ಕಟ್ಟೆಗೆ ಹೋಗಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕೆಲವರಿಗೆ ಆರು ತಿಂಗಳಲ್ಲಿ ಕಡಿಮೆಯಾಗುತ್ತದೆ, ನಡೆಯುತ್ತ ಇರಿ ಎಂದು ದವಾಖಾನೆಯವರು ಫೋನಿನಲ್ಲಿ ಹೇಳಿದ್ದರು. ನಡೆದೆ. ನನಗೆ ಕಡಿಮೆಯಾಗಲಿಲ್ಲ. ಆ ಹಂಗಾಮಿನಲ್ಲಿ ಆರನೆಯ ತೂಬಿನ ಹತ್ತಿರ ದಂಡೆ ಸೋರಿ ರಾತ್ರಿ ಬೆಳಗಾಗುವುದರೊಳಗೆ ಒಡೆಯಿತು. ನಾಟಿ ಹಚ್ಚಿದ ಎರಡು ಗದ್ದೆಯ ಮೇಲೆ ಮಣ್ಣು ಕೂತಿತು. ಹಿಂದಿನ ಸಂಜೆ ನಾನು ನಾಲ್ಕನೆಯ ತೂಬಿನಿಂದಲೇ ಹಿಂದಿರುಗಿದ್ದೆ. ರೈತರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುವಾರ ನನ್ನನ್ನು ಸೆಕ್ಷನ್ ಆಫೀಸಿನಲ್ಲಿ ಟಪಾಲು ತೆಗೆದುಕೊಳ್ಳುವ ಮೇಜಿಗೆ ಹಾಕಿದರು. ಕುರ್ಚಿಗೆ ಮೆತ್ತೆಯೂ ಇತ್ತು. ಕಂಪೌಂಡರ್ ಹೇಳಿದ್ದು ಕೊನೆಗೂ ನಿಜವಾಯಿತು, ನಾನು ಗಾದಿಯ ಮೇಲೆ ಕೂಡುವವನಾದೆ.

ಹರಕೆ ತೀರಿಸಲೆಂದು ಅಂಜನಾದ್ರಿಯ ಬುಡದ ಹನುಮನಹಳ್ಳಿಗೂ ಹೋದೆವು. ಬೆಟ್ಟದ ಬುಡದಲ್ಲಿ ಕಾಯಿ ಮಾರುವವಳ ಪಕ್ಕ ನಾನು ಕೂತೆ. ಹೆಂಡತಿ ನನ್ನ ಪಾಲಿನದೂ ತಾನೇ ಹತ್ತುತ್ತೇನೆಂದು ಎರಡು ಸಲ ಹತ್ತಿ ಇಳಿದಳು. ಅವಳ ಚಪ್ಪಲಿ ಕಾಯುತ್ತ ಕೂತ ಆ ನಾಲ್ಕು ತಾಸಿನಲ್ಲಿ ನಾನು ಹನುಮಂತನನ್ನು ನೆನೆದದ್ದು ಕಡಿಮೆ. ನೆನೆದದ್ದು ಕಂಪೌಂಡರನನ್ನು, ಅದೂ ಒಳ್ಳೆಯ ಮಾತಿನಲ್ಲಿ ಅಲ್ಲ.

ವರ್ಷದ ತಪಾಸಣೆಗೆ ಅವನನ್ನು ಕರೆಯದೆ ನಾವಿಬ್ಬರೇ ಬೆಂಗಳೂರಿಗೆ ಹೋದೆವು. ಈ ಸಲ ಹೆಂಡತಿಯೂ ಒಳಗೆ ಬಂದಳು. ನೋವಿನ ವಿಷಯ ಹೇಳಿದಾಗ ಡಾಕ್ಟರು, ಮಿಲ್ಲಿನಲ್ಲಿ ಅಷ್ಟು ನಡೆಯುವ ಕೆಲಸ ಏನಿರುತ್ತದೆ ಎಂದು ಕೇಳಿದರು. ಯಾವ ಮಿಲ್ಲು ಎಂದಳು ನನ್ನ ಹೆಂಡತಿ. ನಾನು ಕಾಲುವೆಯ ವಿಷಯ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ದಿನಾ ಹನ್ನೆರಡು ಕಿಲೋಮೀಟರ್ ನಡೆಯೋರು ಅಂತ ಗೊತ್ತಿದ್ರೆ ಆ ನಾಳ ಉಳಿಸೋಕೇ ನೋಡ್ತಿದ್ದೆ. ಅದಕ್ಕೇ ಅಲ್ವಾ ನಿಮ್ಮನ್ನ ಕೇಳಿದ್ದು?"

ಈಗ ತೆರೆಯಲು ಆಗುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು.

ಊರಿಗೆ ಬಂದವನು ಬಸ್ಸಿಳಿದು, ಚೀಲವನ್ನೂ ಒಳಗಿಡದೆ ನೇರ ಅವನ ಕಟ್ಟೆಗೆ ಹೋದೆ. ಬಾಯಲ್ಲಿ ಲವಂಗ ಇಟ್ಟುಕೊಂಡು ಪೇಪರ್ ಓದುತ್ತ ಕೂತಿದ್ದ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಸುಳ್ಳು ಹೇಳಿ ನನ್ನ ಕಾಲು ತೆಗೆದಿರಿ ಎಂದೆ.

ಅವನು ಪೇಪರನ್ನು ನಾಲ್ಕು ಮಡಿಕೆ ಮಾಡಿದ. "ಮೂವತ್ತು ವರ್ಷ ಬಾಗಿಲದಾಗ ನಿಂತು ಮಂದಿನ್ನ ಒಳಗ ಬಿಟ್ಟಾಂವ ಅದೀನಿ ನಾ. ಯಾರನ್ನ ಕುರ್ಚಿ ಮ್ಯಾಲೆ ಕುಂದ್ರಸತಾರ, ಯಾರನ್ನ ನಿಂದ್ರಸತಾರ, ನೋಡೀನಿ. ಲಸ್ಕರ್ ಅಂತ ಹೇಳಿದ್ರ ನಿನ್ನ ವರಾಂಡದಾಗ ನಿಂದ್ರಸತಿದ್ರು."

"ನಿಂದರತಿದ್ದೆ. ನಡಕೋತ ಮನಿಗೆ ಬರತಿದ್ದೆ. ನನ್ನ ಮಾತು ನಾ ಆಡತಿದ್ದೆ, ಸಾಹೇಬ್ರ."

"ಆಡಬೇಕಿತ್ತಲ್ಲ. ಮಗ್ಗಲದಾಗ ಕುಂತಿದ್ದಿ. ನಿನ್ನ ಬಾಯಿ ನಾ ಏನ್ ಹೊಲದಿದ್ನೇನು?"

ಅವನನ್ನು ನಾನು ದ್ವೇಷಿಸಿದ್ದು ಅವನ ಸುಳ್ಳಿಗಾಗಿ ಎಂದು ಓಣಿ ತಿಳಿದಿತ್ತು. ಈ ಮಾತಿಗಾಗಿ ಎಂದು ಇವತ್ತು ಬರೆಯುತ್ತಿದ್ದೇನೆ. ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ... ಬರಲಿಲ್ಲ. ಬರುವ ಜಾತಿಯ ಮನುಷ್ಯನೇ ಅಲ್ಲ.

ಆಮೇಲೆ ಐದು ವರ್ಷ ಒಂದೇ ಗೋಡೆಯ ಎರಡು ಬದಿಗೆ ಮಾತಿಲ್ಲದೆ ಇದ್ದೆವು. ಅವನು ತನ್ನ ರೂಢಿ ಬಿಡಲಿಲ್ಲ. ವಾರಕ್ಕೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದ, ಬಡ್ತಿ ಕೊಡಿಸಿಕೊಂಡು ಬರುತ್ತಿದ್ದ. ಅವನ ಜೊತೆ ಹೋಗಬೇಡಿ, ಹೋದರೂ ಬಾಯಿ ಅವನ ಕೈಗೆ ಕೊಡಬೇಡಿ ಎಂದು ನಾನು ಚಹಾದಂಗಡಿಯಲ್ಲಿ ಕೂತು ಕಂಡವರಿಗೆಲ್ಲ ಹೇಳಿದೆ. ನನ್ನ ಕಥೆ ಕೇಳಿ ಅಯ್ಯೋ ಪಾಪ ಎನ್ನುತ್ತಿದ್ದರು, ಚಹಾ ಕುಡಿಸುತ್ತಿದ್ದರು, ಮರುದಿನ ಅವನ ಬಾಗಿಲಿಗೇ ಹೋಗುತ್ತಿದ್ದರು. ಸೈಕಲ್ ಚಾಚಾ ಒಬ್ಬನೇ ಮುಖಕ್ಕೆ ಹೇಳಿದ. "ಅವ್ರು ಇಲ್ಲಂದ್ರ ನಮಗ ಯಾರು ಅದಾರ್ರಿ ಭಾಯಿ? ನೀವು ಬರ್ತೀರೇನು?" ನಾನು ಹೋಗುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಂಪೌಂಡರ್ ಸತ್ತದ್ದು ಹೋದ ಬೇಸಿಗೆಯಲ್ಲಿ, ಮನೆಯಲ್ಲೇ, ಊಟ ಮಾಡಿ ಕೈ ತೊಳೆಯುತ್ತಿದ್ದಾಗ. ಯಾವ ಡಾಕ್ಟರ ಮುಂದೆಯೂ ಕೂಡುವ ಪ್ರಸಂಗ ಅವನಿಗೆ ಬರಲಿಲ್ಲ. ಮಣ್ಣಿಗೆ ಹೋಗಬಾರದೆಂದು ನಾನು ನಿರ್ಧರಿಸಿದ್ದೆ. ಗೋಡೆಯ ಆಚೆ ಹೆಣ ಇಟ್ಟುಕೊಂಡು ಒಳಗೆ ಕೂಡುತ್ತೀರಾ ಎಂದು ಹೆಂಡತಿ ಗದರಿದಳು, ಹೋದೆ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಾಳೆದಿಂಡು ಕಟ್ಟಿ, ಹೂವು ಹಾಕಿ, ಅವನನ್ನು ಕುರ್ಚಿಯಲ್ಲಿ ಕೂಡಿಸಿದ್ದರು. ತಾವರಗೇರಾದಿಂದ, ಕುಷ್ಟಗಿಯಿಂದ, ಯಲಬುರ್ಗಾದಿಂದ ಜನ ಬಂದಿದ್ದರು. ಅವನಿಂದ ಬಡ್ತಿ ಪಡೆದವರೇ ಎಲ್ಲ. ಅಷ್ಟು ಜನ ನಡೆಯುತ್ತಿದ್ದರು. ನಾನೂ ನಡೆದೆ. ಎರಡು ಸಲ ನಿಂತೆ. ಮೂರನೆಯ ಸಲ ಗಟಾರದ ಕಲ್ಲಿನ ಮೇಲೆ ಕೂತುಬಿಟ್ಟೆ. ಅವನ ದೊಡ್ಡ ಮಗ ಅದನ್ನು ಕಂಡು ಟ್ರ್ಯಾಕ್ಟರ್ ನಿಲ್ಲಿಸಿದ.

"ಕಾಕಾ, ಮ್ಯಾಲೆ ಬರ್ರಿ. ಅಪ್ಪನ್ನ ಒಂದೀಟು ಹಿಡಕೊಂಡು ಕುಂದರ್ರಿ, ತಗ್ಗಿನ್ಯಾಗ ವಾಲತಾನ."

ಎಲ್ಲರೂ ನೋಡುತ್ತಿದ್ದರು. ಹತ್ತಿ ಕೂತೆ. ಸುಡುಗಾಡಿನವರೆಗೂ ಅವನ ಹೆಗಲಿಗೆ ಕೈ ಹಚ್ಚಿ, ಅವನು ಕುರ್ಚಿಯಲ್ಲಿ, ನಾನು ಅವನ ಕಾಲ ಬಳಿ. ಓಣಿಯೆಲ್ಲ ನಡೆದುಹೋದ ದಾರಿಯಲ್ಲಿ ಕೂತು ಹೋದವರು ನಾವಿಬ್ಬರೇ. ಹೂವಿನ ನಡುವಿನಿಂದಲೂ ಲವಂಗದ ವಾಸನೆ ಬರುತ್ತಿತ್ತು. ಅಳು ಬರಲಿಲ್ಲ. ಅವನನ್ನು ಕೆಳಗೆ ನೂಕಬೇಕೆನ್ನಿಸಿತು, ವಾಲಿದಾಗ ಗಟ್ಟಿಯಾಗಿ ಹಿಡಿದುಕೊಂಡೆ. ಎರಡೂ ನಿಜ.

ಮೊನ್ನೆ ಚೀಲದಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರುವಿದೆ. ಸ್ಕ್ಯಾನಿಂಗಿನ ಕರಿ ಹಾಳೆಗಳು, ಡಾಕ್ಟರು ಬರೆದ ಚಿತ್ರ, ಮಾತ್ರೆಯ ಚೀಟಿಗಳು. ತಳದಲ್ಲಿ ದವಾಖಾನೆಗೆ ಸೇರುವಾಗ ತುಂಬಿಕೊಟ್ಟ ಅರ್ಜಿಯ ಪ್ರತಿ. ಹೆಸರು, ವಯಸ್ಸು, ವಿಳಾಸ, ಎಲ್ಲ ಅವನ ದುಂಡು ಅಕ್ಷರ. ಉದ್ಯೋಗ ಎಂಬಲ್ಲಿ ಅಕ್ಕಿ ಗಿರಣಿ ಮಾಲೀಕರು ಎಂದಿದೆ. ಕೆಳಗೆ, ಮೇಲಿನ ವಿವರಗಳನ್ನು ಓದಿದ್ದೇನೆ, ಸರಿಯಾಗಿವೆ ಎಂಬ ಅಚ್ಚಿನ ಸಾಲು. ಅದರ ಕೆಳಗೆ ನನ್ನ ಸಹಿ.

ಆ ಅರ್ಜಿಯನ್ನು ನಾನು ಮರೆತಿದ್ದೆ. ಕೋಣೆಯಲ್ಲಿ ಸುಮ್ಮನೆ ಕೂತದ್ದಷ್ಟೇ ನನ್ನ ತಪ್ಪು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಇಲಾಖೆಯ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಕೋಳಿ ಕೆದರಿದ ಹಾಗೆ ಎರಡು ಗೀರು. ಇಲ್ಲಿ ಹಾಗಿಲ್ಲ. ಪೂರ್ತಿ ಹೆಸರಿದೆ, ಅಪ್ಪನ ಹೆಸರಿದೆ, ಅಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಅಷ್ಟು ಚೆಂದದ ಸಹಿಯನ್ನು ನಾನು ಅದಕ್ಕೆ ಮೊದಲು ಎಲ್ಲಿಯೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಕಾಗದ ಹಿಡಿದುಕೊಂಡು ಅಂಗಳಕ್ಕೆ ಬಂದೆ. ನಮ್ಮ ಬಾಗಿಲಿನಿಂದ ಅವನ ಕಟ್ಟೆಗೆ ನಲವತ್ತು ಹೆಜ್ಜೆ. ಅಷ್ಟು ನಡೆದರೆ ಉರಿಯುವುದಿಲ್ಲ. ಮಕ್ಕಳು ಮನೆಗೆ ಬೀಗ ಹಾಕಿದ್ದಾರೆ, ಕಟ್ಟೆಯ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಅವನು ಇದ್ದಿದ್ದರೆ ಕಾಗದ ಇಸಿದುಕೊಂಡು ಓದಿ, ನಾ ಹೇಳಲಿಲ್ಲೇನು ಎಂದು ನಗುತ್ತಿದ್ದ. ನಾನು ಮತ್ತೆ ಐದು ವರ್ಷ ಮಾತು ಬಿಡುತ್ತಿದ್ದೆ. ಈಗ ಬೈಸಿಕೊಳ್ಳಬೇಕಾದವರಲ್ಲಿ ಉಳಿದಿರುವವನು ನಾನೊಬ್ಬನೇ.